ಸಂಜೆಯವರೆಗೂ ಉಳಿಸಿದ ನೀರು

ನಾನು ಸ್ಟೀಪಲ್‌ಚೇಸ್ ಓಡುತ್ತೇನೆ ಅಂದಾಗ ನಮ್ಮ ಕಾಲೇಜಿನ ಕೋಚ್ ತಲೆ ಎತ್ತಿ ನೋಡಲೂ ಇಲ್ಲ.

"ಅದು ಗಂಡಸರ ಓಟ, ಮಾರ್ಲಾ. ಈಗ ಓಡ್ತಿರೋದನ್ನ ಮೊದಲು ಸರಿಯಾಗಿ ಓಡು."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಾವಿರದೈನೂರು ಮೀಟರಿನಲ್ಲಿ ನಾನು ಯಾವಾಗಲೂ ಆರನೆಯವಳೋ ಏಳನೆಯವಳೋ. ವಿಸ್ಕಾನ್ಸಿನ್‌ನಲ್ಲಿ ದನದ ಬೇಲಿ ಹಾರಿಕೊಂಡು ಬೆಳೆದವಳಿಗೆ ಸಪಾಟಾದ ದಾರಿ ಬೇಸರ ತರಿಸುತ್ತಿತ್ತು. ಸ್ಟೀಪಲ್‌ಚೇಸ್ ಅಂದರೆ ಏಳೂವರೆ ಸುತ್ತು. ಕಾಲುಗಳ ಮೇಲೆ ನಿಲ್ಲಿಸಿದ, ತಳ್ಳಿದರೂ ಬೀಳದ ಮರದ ದಿಮ್ಮಿಗಳನ್ನು ಹಾರಬೇಕು, ಏಳು ಸಲ ದಿಮ್ಮಿಯ ಮೇಲೆ ಕಾಲಿಟ್ಟು ಅದರಾಚೆಯ ನೀರಿನ ಗುಂಡಿಯನ್ನು ದಾಟಬೇಕು. ಆದರೆ ಅದು ತೊಂಬತ್ತರ ದಶಕದ ಆರಂಭ. ದೊಡ್ಡ ಕೂಟಗಳಲ್ಲಿ ಹೆಂಗಸರಿಗೆ ಆ ಓಟವೇ ಇರಲಿಲ್ಲ.

ನಮ್ಮ ಮಾತು ಹಾರ್ಲನ್ ಕ್ರೂಗರ್ ಅವರ ಕಿವಿಗೆ ಬಿದ್ದಿತ್ತು. ಹಾಲಿನ ಲಾರಿ ಓಡಿಸಿ ನಿವೃತ್ತರಾದ ಅವರು ಕ್ರೀಡಾಕೂಟಗಳಲ್ಲಿ ಸಂಬಳವಿಲ್ಲದೆ ನೀರಿನ ಗುಂಡಿ ನೋಡಿಕೊಳ್ಳುತ್ತಿದ್ದರು. ಗಂಡಸರ ಓಟ ಮುಗಿದ ಕೂಡಲೇ ನೀರನ್ನು ಹೊರಬಿಡುವುದು ವಾಡಿಕೆ. ಆ ಶನಿವಾರ ಅವರು ಬಿಡಲಿಲ್ಲ.

"ಎಲ್ರೂ ಹೋದ್ಮೇಲೆ ಬಾ. ನೀರು ಇರುತ್ತೆ," ಅಂದರು ಮೆಲ್ಲಗೆ.

ಹೋದೆ. ಮೂರಡಿ ಎತ್ತರದ ದಿಮ್ಮಿಗೆ ಕಾಲು ತಾಗಿ ಮುಖ ಅಡಿಯಾಗಿ ಗುಂಡಿಗೆ ಬಿದ್ದೆ. ಮೊಣಕಾಲು ತರಚಿ ರಕ್ತ ಬಂತು. ಮೂಗಿನಿಂದ ನೀರು ಸುರಿಸುತ್ತಾ ಎದ್ದರೆ ಹಾರ್ಲನ್ ಕೈಕಟ್ಟಿ ನಿಂತಿದ್ದರು.

"ಈಜು ಬರುತ್ತೆ ಅಂತ ಗೊತ್ತಾಯ್ತು. ಈಗ ಹಾರೋದು ತೋರಿಸು."

"ಹಾರ್ಲನ್, ಸುಮ್ನಿರು! ಮೊದಲು ಟವೆಲ್ ಕೊಡು ಅವಳಿಗೆ," ಎಂದು ಅವರ ಹೆಂಡತಿ ಓಪಲ್ ಹಿಂದಿನಿಂದ ಗದರಿದರು.

ಅಂದು ಒಂಬತ್ತು ಸಲ ಹಾರಿದೆ. ಒಂಬತ್ತನೆಯ ಸಲ ಒಂದೇ ಕಾಲು ನೀರು ಮುಟ್ಟಿತು.

ಆಮೇಲೆ ಪ್ರತಿ ಕೂಟದ ಸಂಜೆಯೂ ಇದೇ. ಹಳೆಯ ದಿಮ್ಮಿಗಳೆರಡರ ಕಾಲುಗಳನ್ನು ಹಾರ್ಲನ್ ತಮ್ಮ ಗ್ಯಾರೇಜಿನಲ್ಲಿ ಅರ್ಧ ಅಡಿ ಕತ್ತರಿಸಿ ನನಗೆ ಹೊಂದಿಸಿಕೊಟ್ಟರು. ಓಪಲ್ ಮಡಚುವ ಕುರ್ಚಿಯಲ್ಲಿ ಕೂತು ಗಡಿಯಾರ ಹಿಡಿಯುತ್ತಿದ್ದರು. ಕೊನೆಗೆ ಎಲ್ಲರಿಗೂ ಹ್ಯಾಮ್ ಸ್ಯಾಂಡ್‌ವಿಚ್. ಮುಂದಿನ ವಸಂತಕ್ಕೆ ನಾವು ಐದು ಹುಡುಗಿಯರಾದೆವು. ಹಾರ್ಲನ್ ಕೂಟ ನಡೆಸುವವರ ಹತ್ತಿರ ಹೋಗಿ, "ಈ ಹುಡುಗೀರ ಓಟಕ್ಕೆ ಹದಿನೈದು ನಿಮಿಷ ಕೊಡಿ ಸಾಕು. ನೀವು ಮನೆಗೆ ಹೋಗಿ, ಬೀಗ ನಾನೇ ಹಾಕ್ಕೋತೀನಿ," ಅಂದರು. ಪಟ್ಟಿಯಲ್ಲಿಲ್ಲದ ಆ ಓಟವನ್ನು ನೋಡಲು ಹನ್ನೆರಡು ಜನರಿದ್ದರು. ಅವರಲ್ಲಿ ಇಬ್ಬರು ಕಸ ಗುಡಿಸುವವರು. ಗೆದ್ದವಳು ನಾನು.

ಶಾಲೆಯಲ್ಲಿ ಪಾಠ ಹೇಳುತ್ತಾ ಹತ್ತು ವರ್ಷ ಓಡಿದೆ. ಕಡೆಗೂ ರಾಷ್ಟ್ರೀಯ ಕೂಟದಲ್ಲಿ ಹೆಂಗಸರಿಗೂ ಆ ಓಟ ಬಂದಾಗ, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಮೂರನೆಯವಳಾದೆ. ಮೂರು ವರ್ಷದ ನಂತರ ಒಂದು ಮಧ್ಯಾಹ್ನ, ಕೊನೆಯ ಸುತ್ತಿನ ನೀರು ದಾಟಿ ಇಳಿದಾಗ ಹಿಮ್ಮಡಿಯ ನರ ಹರಿಯಿತು. ಕುಂಟುತ್ತಲೇ ಗೆರೆ ಮುಟ್ಟಿದೆ. ಓಟ ಅಲ್ಲಿಗೆ ಮುಗಿಯಿತು.

ಹೆಂಗಸರ ಸ್ಟೀಪಲ್‌ಚೇಸ್ ಒಲಿಂಪಿಕ್ಸ್‌ಗೆ ಬಂದಾಗ ನನಗೆ ಮೂವತ್ತೇಳು. "ಪಾಪ, ಸ್ವಲ್ಪ ತಡವಾಗಿ ಹುಟ್ಟಬೇಕಿತ್ತು ನೀನು," ಎಂದು ಸಿಕ್ಕವರೆಲ್ಲ ಅನ್ನುತ್ತಿದ್ದರು. ಬೀಜಿಂಗ್‌ನ ಫೈನಲ್ ನಮಗೆ ಬೆಳಿಗ್ಗೆ. ಒಬ್ಬಳೇ ನೋಡಲು ಧೈರ್ಯ ಸಾಲದೆ ಕ್ರೂಗರ್ ದಂಪತಿಗಳ ಮನೆಗೆ ಹೋದೆ. ಓಪಲ್ ಪ್ಯಾನ್‌ಕೇಕ್ ಹುಯ್ಯುತ್ತಿದ್ದರು. ಎಂಬತ್ತು ದಾಟಿದ ಹಾರ್ಲನ್ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಹಾಕಿಕೊಂಡಿದ್ದರು.

"ನಿಮಗೆ ಒಂದು ಸಲವೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ ನಾನು," ಅಂದೆ.

ಹಾರ್ಲನ್ ಕನ್ನಡಕ ಒರೆಸತೊಡಗಿದರು. ಮಾತಾಡಿದವರು ಓಪಲ್.

"ನಾವು ಹೇಳಬೇಕಮ್ಮಾ ಅದನ್ನ. ರಿಟೈರ್ ಆದ ವರ್ಷ ಇವನು ಇಡೀ ದಿನ ಅಡುಗೆಮನೇಲಿ ಕೂತು ನನಗೆ ಪಾತ್ರೆ ತೊಳೆಯೋದು ಹೇಳಿಕೊಡ್ತಿದ್ದ! ನೀನು ಬರದೇ ಇದ್ದಿದ್ರೆ ಇವನನ್ನೇ ಆ ಗುಂಡಿಗೆ ತಳ್ತಿದ್ದೆ."

"ತಳ್ತಿದ್ಲು, ಖಂಡಿತ," ಅಂದರು ಹಾರ್ಲನ್. ನಂತರ ತಿರುಗಿ ನೋಡದೆಯೇ ಸೇರಿಸಿದರು: "ಚೆನ್ನಾಗಿದ್ವು ಆ ಸಂಜೆಗಳು. ನಿನ್ನಿಂದ."

ಓಟ ಶುರುವಾಯಿತು. ಹೊಟ್ಟೆಯುರಿ ಈಗ ಬಂದೀತು, ಈಗ ಬಂದೀತು ಎಂದು ಕಾದೆ. ಬರಲಿಲ್ಲ. ಅಷ್ಟೊಂದು ಹೆಂಗಸರು ಒಟ್ಟಿಗೆ ನೀರಿಗೆ ಹಾರುವುದನ್ನು ಕಂಡು ನನ್ನ ಕಾಲುಗಳು ಮೇಜಿನ ಕೆಳಗೆ ತಾವಾಗಿಯೇ ಅಲುಗಾಡಿದವು. "ಕಾಲಿಡು ದಿಮ್ಮಿ ಮೇಲೆ, ಇಡು!" ಎಂದು ಹಾರ್ಲನ್ ಕೂಗುತ್ತಿದ್ದರು.

ಗೆದ್ದವಳು ಗೆರೆ ದಾಟಿದಳು. ಹಾರ್ಲನ್ ರಿಮೋಟ್ ಎತ್ತಿಕೊಂಡರು.

"ಆರಿಸಬೇಡ," ಅಂದರು ಓಪಲ್. "ಹಿಂದೆ ಇನ್ನೂ ಹುಡುಗೀರು ಬರ್ತಿದ್ದಾರೆ."

ಕೊನೆಯವಳು ಮುಟ್ಟುವವರೆಗೂ ಮೂವರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು.