ಕಾಲು ಗಂಟೆಗೊಂದು ಸಲ

ಮೀಟರಿನ ಮುಳ್ಳು ಮಿಸುಕಲಿಲ್ಲ. ವೈರ್‌ಮನ್ ತಂತಿಯ ತುದಿಗಳನ್ನು ಅಂಗಿಗೆ ಒರೆಸಿ ಮತ್ತೊಮ್ಮೆ ಮುಟ್ಟಿಸಿದ. ಆಗಲೂ ಇಲ್ಲ. ಬೆಂಕಿಪೊಟ್ಟಣದ ಅರ್ಧದಷ್ಟಿದ್ದ ಬ್ಯಾಟರಿ ಮೂರೇ ದಿನಕ್ಕೆ ಬರಿದಾಗಿತ್ತು.

"ಇಪ್ಪತ್ತು ದಿನ ಬರ್ಬೇಕಿತ್ತಲ್ಲಪ್ಪಾ. ನಾನೇ ಲೆಕ್ಕ ಹಾಕಿದ್ದೆ. ಎರಡು ಸಲ," ಎಂದಳು ಮಗಳು.

ಅವಳ ಮಾತು ಸ್ವಲ್ಪ ಜೋರು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದ ಮೇಲೆ ತನ್ನ ದನಿ ಎಷ್ಟು ದೊಡ್ಡದೆಂಬುದು ಅವಳಿಗೆ ಗೊತ್ತಾಗುವುದಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾಳೆ. ಹಾಗಾಗಿ ಅಪ್ಪ ಅವಳ ಮುಂದೆ ತಲೆ ತಗ್ಗಿಸಿ ಮಾತಾಡಿದ್ದೇ ಇಲ್ಲ. ಇವತ್ತು ತಗ್ಗಿಸಿದ. ಏನೋ ಗೊಣಗಿದ.

"ಕಾಣಿಸ್ಲಿಲ್ಲ. ಮುಖ ಎತ್ತಿ ಹೇಳು."

"ನೋಡ್ತೀನಿ ಅಂದೆ."

ಅಪ್ಪ ಮಗಳು ಎರಡು ತಿಂಗಳು ಕೂತು ಮಾಡಿದ ಸಾಮಾನು ಅದು. ತೊಟ್ಟಿಲ ಪಕ್ಕದ ಪ್ಲಗ್ಗಿನಲ್ಲಿ ಒಂದು ಡಬ್ಬಿ, ಅದರೊಳಗೆ ಮೈಕು. ಮಗಳ ಮಣಿಕಟ್ಟಿಗೆ ಇನ್ನೊಂದು. ಅದರೊಳಗೆ ಹೆಬ್ಬೆರಳಗಲದ ಮೈಕ್ರೋಕಂಟ್ರೋಲರ್ ಬೋರ್ಡು, ಬ್ಯಾಟರಿ, ಹಳೆಯ ಮೊಬೈಲಿನಿಂದ ಕಿತ್ತ ನಡುಗುವ ಮೋಟಾರು. ಕೂಸು ಅತ್ತರೆ ಗೋಡೆಯದು ಸುದ್ದಿ ಕಳಿಸುತ್ತದೆ, ಕೈಯದು ಗುರ್ರೆಂದು ನಡುಗುತ್ತದೆ. ಬೆಸುಗೆ, ತಂತಿ ಎಲ್ಲ ಅಪ್ಪನದು. ಬೋರ್ಡಿಗೆ ಬುದ್ಧಿ ಹೇಳುವ ಪ್ರೋಗ್ರಾಂ ಮಗಳದು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರದೆ ಅಪ್ಪ ಹಿಡಿದ ಹವ್ಯಾಸ ಇದು. ಮೊದಲು ಕುಂಡದ ಮಣ್ಣು ಒಣಗಿದರೆ ಕಿರುಚುವ ಡಬ್ಬಿಯೊಂದನ್ನು ಮಾಡಿದಾಗ ಪಕ್ಕದಂಗಡಿಯ ಇಸ್ತ್ರಿಯವನು, "ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ, ಹಾಗಾಯ್ತು ನಿಮ್ಮ ಕಥೆ," ಎಂದು ನಕ್ಕಿದ್ದ.

ಅದೇ ಇಸ್ತ್ರಿಯವನಿಂದ ನಿನ್ನೆ ಮಾನ ಉಳಿಯಿತು, ಅವನಿಂದಲೇ ಹೋಯಿತು ಕೂಡ. ಮಧ್ಯಾಹ್ನ ಅಪ್ಪ ಪೇಟೆಗೆ ಹೋಗಿದ್ದ, ಮಗಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಒಳಕೋಣೆಯಲ್ಲಿ ಐದು ತಿಂಗಳ ಕೂಸು ಅಳತೊಡಗಿತು. ಕೈಯ ಡಬ್ಬಿ ನಡುಗಲಿಲ್ಲ. ಅರ್ಧ ಗಂಟೆ ಅತ್ತಿತು. ಇಸ್ತ್ರಿಯವನು ಬಂದು ಬಾಗಿಲು ಬಡಿದ, ಬಡಿದರೆ ಏನು ಬಂತೆಂದು ಹೊಳೆದು ಸುತ್ತಿಕೊಂಡು ಹೋಗಿ ಕಿಟಕಿಯಲ್ಲಿ ಯಾರದೋ ಬಿಳಿ ಅಂಗಿ ಬೀಸಿದ. ಅವಳು ಓಡಿ ಹೋಗಿ ನೋಡಿದರೆ ಕೂಸಿನ ಕಾಲು ತೊಟ್ಟಿಲ ಸರಳುಗಳ ನಡುವೆ ಸಿಕ್ಕಿ ಕೆಂಪಗೆ ಬಾತಿತ್ತು. ಸಂಜೆ ಇಸ್ತ್ರಿಯವನು ಅದನ್ನು ಅಳಿಯನಿಗೆ ಹೇಳಿದ. ಅಳಿಯ ತನ್ನ ತಾಯಿಗೆ ಹೇಳಿದ.

ಬೀಗಿತ್ತಿ ಫೋನಿನಲ್ಲೇ ತೀರ್ಪು ಕೊಟ್ಟರು. "ಕೂಸು ನಡೆಯೋ ತನಕ ನನ್ನ ಹತ್ರ ಇರ್ಲಿ. ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ. ಅವಳ ಮೇಲೆ ನಂಗೇನೂ ಸಿಟ್ಟಿಲ್ಲ. ಕೇಳಿಸ್ದೆ ಇದ್ರೆ ಅವಳಾದ್ರೂ ಏನು ಮಾಡ್ತಾಳೆ ಪಾಪ?"

ಅಳಿಯ ಅದನ್ನು ಇದ್ದಂತೆಯೇ ತಿಳಿಸಿದಾಗ ಆ ‘ಪಾಪ’ ಮಗಳನ್ನು ಇರಿದಿತ್ತು. ಅಳಿಯ ಬ್ರೆಡ್ಡಿನ ವ್ಯಾನು ಓಡಿಸುವವನು, ಬೆಳಕು ಹರಿಯುವ ಮೊದಲೇ ಹೊರಟು ಸಂಜೆಗೆ ಬರುವವನು. ತಾಯಿಗೆ ಹೂಂ ಅನ್ನಲೂ ಆಗದೆ, ಹೆಂಡತಿಗೆ ಉಹೂಂ ಅನ್ನಲೂ ಆಗದೆ, ಕೊನೆಗೆ ತಾಯಿಯನ್ನು ಒಂದು ಮಾತಿಗೆ ಒಪ್ಪಿಸಿದ್ದ: ‘ಭಾನುವಾರ ಒಂದು ದಿನ ಕೂತು ನೋಡಮ್ಮ. ಸರಿಬರದಿದ್ದರೆ ಕರ್ಕೊಂಡು ಹೋಗು.’

ವೈರ್‌ಮನ್‌ಗೆ ಮಾತ್ರ ಅನುಮಾನ ಹುಟ್ಟಿದ್ದು ಬೇರೆ ಕಡೆ. ನಲವತ್ತು ವರ್ಷ ಕಾರ್ಖಾನೆಗಳಲ್ಲಿ ಸ್ವಿಚ್‌ಬೋರ್ಡು ಕೂರಿಸಿದವನು ಅವನು. ಯಾರು ಕೇಳಲಿ ಬಿಡಲಿ, ಪ್ರತಿ ಬೋರ್ಡಿಗೂ ಒಂದು ದೀಪ ಇಟ್ಟೇ ಇಡುತ್ತಿದ್ದ. ಒಳಗೆ ಕರೆಂಟು ಇದೆಯೋ ಇಲ್ಲವೋ ಕಣ್ಣಿಗೆ ಕಾಣಬೇಕು, ದೀಪವಿಲ್ಲದ ಬೋರ್ಡು ಪೊದೆಯೊಳಗಿನ ಹಾವು ಎನ್ನುತ್ತಿದ್ದ. ಜೊತೆಯವರು ಅವನನ್ನು ‘ಇಂಡಿಕೇಟರ್’ ಎಂದೇ ಕೂಗುತ್ತಿದ್ದರು. ಮಗಳ ಕೈಗೆ ಕಟ್ಟುವ ಹಿಂದಿನ ದಿನ ಡಬ್ಬಿಯನ್ನು ಅಂಗೈಯಲ್ಲಿಟ್ಟು ನೋಡಿದ್ದ. ಸತ್ತ ಜೀರುಂಡೆಯ ಹಾಗೆ ಕಪ್ಪಗೆ ಬಿದ್ದಿತ್ತು. ತಡೆಯಲಾಗಲಿಲ್ಲ. ಸಾಸಿವೆಯಷ್ಟು ದೊಡ್ಡ ಕೆಂಪು ದೀಪವೊಂದನ್ನು ಬೆಸೆದುಬಿಟ್ಟಿದ್ದ. ಮಗಳಿಗೆ ಹೇಳಿರಲಿಲ್ಲ, ಬೋರ್ಡಿನ ಜೊತೆಗೇ ಬಂದ ದೀಪವೆಂದು ಅವಳು ತಿಳಿದಿದ್ದಳು. ಸಾಸಿವೆಯಷ್ಟು ದೀಪ, ಅದರಲ್ಲಿ ಹೇಳುವುದೇನು?

ಈಗ ತುಂಬಿದ ಬ್ಯಾಟರಿ ಹಾಕಿ ಮೀಟರು ಸೇರಿಸಿದ. ದೀಪ ಉರಿಯಿತು, ಮುಳ್ಳು ಆರರ ಹತ್ತಿರ ನಿಂತಿತು. ಚಿಮಟದಿಂದ ದೀಪ ಕಿತ್ತ. ಮುಳ್ಳು ಜಾರಿ ಒಂದಕ್ಕೆ ಬಂತು. ಡಬ್ಬಿಯ ಕೆಲಸಕ್ಕೆಲ್ಲ ಸೇರಿ ಒಂದು ಗುಟುಕು. ದೀಪವೊಂದೇ ಐದು ಗುಟುಕು ಕುಡಿಯುತ್ತಿತ್ತು.

ಅವನು ಎದ್ದು ಮಗಳ ಎದುರು ಕುರ್ಚಿ ಎಳೆದುಕೊಂಡ. ಮುಖ ಎತ್ತಿ, ಒಂದೊಂದೇ ಮಾತು ಬಿಡಿಸಿ ಹೇಳಿದ. "ನಿನ್ನ ಲೆಕ್ಕ ಸರಿಯಾಗಿತ್ತು. ಕೆಡಿಸಿದ್ದು ನಾನು. ದೀಪ ನಾನು ಹಾಕಿದ್ದು. ಕೂಸಿನ ಕಾಲು ಬಾತಿದ್ದೂ ನನ್ನಿಂದಲೇ."

ಮಗಳು ಬಹಳ ಹೊತ್ತು ಅವನ ತುಟಿಯನ್ನೇ ನೋಡಿದಳು. ಮಾತು ಮುಗಿದಿದ್ದರೂ ಇನ್ನೇನೋ ಬರಬೇಕಿದೆ ಎಂಬಂತೆ. ಅವಳ ಕಣ್ಣು ಮೊದಲು ಕಿಡಿಯಾಯಿತು, ಆಮೇಲೆ ತೇವವಾಯಿತು.

"ಗುಬ್ಬಿಗೆ ಕಾಳು ಲೆಕ್ಕ ಹಾಕಿಟ್ಟಿದ್ದೆ ನಾನು. ನೀನು ಆನೆ ತಂದು ಕಟ್ಟಿದ್ದೀಯ!"

"ಏನೋ, ಅಭ್ಯಾಸಬಲ..."

"ನಿನ್ನೆಯಿಂದ ನನ್ನ ಬುದ್ಧೀನೇ ಸರಿ ಇಲ್ವೇನೋ ಅನ್ಕೊಂಡಿದ್ದೆ ಕಣಪ್ಪಾ. ಕಿವಿ ಅಂತೂ ಇಲ್ಲ, ಲೆಕ್ಕಾನೂ ಹೋಯ್ತು ಅಂತ."

ಹಾಗೆಂದು ಉಸಿರು ಬಿಟ್ಟಳು. ಆ ಉಸಿರಿನಲ್ಲಿ ಸಿಟ್ಟಿಗಿಂತ ಹಗುರವೇ ಹೆಚ್ಚಿತ್ತು. ಅವನಿಗೆ ಜೀವ ಬಂದಂತಾಯಿತು. ಆದರೂ ಒಂದು ಮುಳ್ಳು ಉಳಿದಿತ್ತು.

"ದೀಪ ತೆಗೆದ್ರೆ ಇದು ಬದುಕಿದೆಯೋ ಸತ್ತಿದೆಯೋ ನಿಂಗೆ ಗೊತ್ತಾಗೋದು ಹ್ಯಾಗೆ?"

"ದೀಪ ಇದ್ದಾಗ ಗೊತ್ತಾಯ್ತಾ? ನಿನ್ನೆ ಅದು ಆರೇ ಹೋಗಿತ್ತು. ನನ್ನ ಕಣ್ಣು ಸೂಜಿ ಮೇಲಿತ್ತು. ನಂಗಿರೋದು ಎರಡು ಕಣ್ಣು, ಅವೇ ಕಿವಿ ಕೆಲಸಾನೂ ಮಾಡ್ಬೇಕು. ಇದನ್ನೂ ಕಾಯಿ ಅಂದ್ರೆ ಹ್ಯಾಗೆ?" ಮಣಿಕಟ್ಟನ್ನು ಉಜ್ಜಿಕೊಳ್ಳುತ್ತ ಯೋಚಿಸಿದಳು. "ಕಾಲು ಗಂಟೆಗೊಂದು ಸಲ ತಾನೇ ಮೆಲ್ಲಗೆ ಒಂದು ಸಲ ತಟ್ಲಿ. ಗೋಡೇದರ ಸುದ್ದಿ ಕೈಯದಕ್ಕೆ ಸಿಕ್ರೆ ಮಾತ್ರ ತಟ್ಲಿ. ತಟ್ಲಿಲ್ಲ ಅಂದ್ರೆ ಎದ್ದು ಹೋಗಿ ನೋಡ್ತೀನಿ."

ನಲವತ್ತು ವರ್ಷದಲ್ಲಿ ವೈರ್‌ಮನ್‌ಗೆ ಹೊಳೆಯದ ಮಾತು ಅದು. "ಬರಿ, ಬರಿ," ಎಂದು ಲ್ಯಾಪ್‌ಟಾಪನ್ನು ಅವಳತ್ತ ತಳ್ಳಿದ. ಆರು ಸಾಲು ಹೊಸದಾಗಿ ಬರೆದಳು. ಲೆಕ್ಕ ಹದಿನೆಂಟು ದಿನಕ್ಕೆ ಇಳಿಯಿತು. ಇಳಿಯಲಿ ಎಂದರು ಇಬ್ಬರೂ.

ಭಾನುವಾರ ಬ್ರೆಡ್ಡಿಗೆ ರಜೆಯಿಲ್ಲ, ಅಳಿಯ ಹೋಗಿದ್ದ. ಬೀಗಿತ್ತಿ ಹತ್ತು ಗಂಟೆಗೇ ಬಂದರು, ಕೂಸಿನ ಬಟ್ಟೆಗೆಂದು ಖಾಲಿ ಚೀಲವನ್ನೂ ತಂದಿದ್ದರು. ಸೊಸೆಯ ಕೆನ್ನೆ ಸವರಿದರು, ಕೂಸಿನ ಕಾಲು ತಿರುಗಿಸಿ ನೋಡಿದರು, ನಡುಮನೆಯಲ್ಲಿ ವೈರ್‌ಮನ್ ಎದುರು ಕೂತು ಕರಾರು ಹಾಕಿದರು.

"ನೋಡಿ ಬೀಗ್ರೇ, ಕೂಸು ಅತ್ರೆ ನೀವು ಏಳೋ ಹಾಗಿಲ್ಲ. ಸನ್ನೆ ಮಾಡೋ ಹಾಗೂ ಇಲ್ಲ. ಕೆಮ್ಮೋದು, ಕಾಲು ಕುಣಿಸೋದು ಯಾವ್ದೂ ಬೇಡ."

"ಆಯ್ತಮ್ಮಾ. ಕೈ ಕಟ್ಕೊಂಡು ಕೂರ್ತೀನಿ."

"ಕಾಲೂ."

ಮಗಳು ಆಚೆಯ ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಹೊಲಿಗೆಗೆ ಕೂತಳು. ಕೂಸು ಒಳಕೋಣೆಯಲ್ಲಿ ಮಲಗಿತು, ಬಾಗಿಲು ಅರ್ಧ ಮುಚ್ಚಿತ್ತು. ಬೀಗಿತ್ತಿ ತಮ್ಮ ಮನೆಯ ಸೋರುವ ನಲ್ಲಿಯ ಕಥೆ ಶುರು ಮಾಡಿದರು. ಕಾಲು ಗಂಟೆಗೊಮ್ಮೆ ಮಗಳ ಎಡಗೈ ಬಟ್ಟೆಯ ಮೇಲೆ ಒಂದು ಗಳಿಗೆ ನಿಂತು ಮುಂದೆ ಸರಿಯುವುದನ್ನು ವೈರ್‌ಮನ್ ಎಣಿಸುತ್ತ ಕೂತ. ಐದು ಸಲವಾಯಿತು. ಕೂಸು ಎಂದೂ ಇಲ್ಲದ ನಿದ್ದೆ ಹೊಡೆಯುತ್ತಿತ್ತು.

ಆರನೆಯದಕ್ಕೆ ಮೊದಲೇ ಒಳಗಿನಿಂದ ಸಣ್ಣ ದನಿ ಬಂತು. ಮುಲುಗು, ಆಮೇಲೆ ಬಿಕ್ಕು, ಆಮೇಲೆ ಸರಿಯಾದ ಅಳು. ವೈರ್‌ಮನ್ ಕಟ್ಟಿದ ಕೈಗಳನ್ನು ಇನ್ನಷ್ಟು ಬಿಗಿಹಿಡಿದ. ಬೀಗಿತ್ತಿಯತ್ತ ನೋಡಿದ. ಆಕೆಯ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಗಟ್ಟಿ ಹೆಂಗಸು, ಎಂದುಕೊಂಡ.

"ಆ ನಲ್ಲಿಯವನು ನಾಳೆ ನಾಳೆ ಅಂತ ತಿಂಗಳು ದೂಡಿದ," ಎನ್ನುತ್ತಿದ್ದರು ಬೀಗಿತ್ತಿ.

ಯಂತ್ರದ ಸದ್ದು ನಿಂತಿತು. ಮಗಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಇಬ್ಬರ ನಡುವೆಯೇ ಹಾದು, ಯಾರ ಮುಖವನ್ನೂ ನೋಡದೆ ಒಳಕೋಣೆಗೆ ನಡೆದಳು.

"ಎಲ್ಲಿಗೆ ಹೊರಟ್ಲು ಇವಳು?" ಎಂದರು ಬೀಗಿತ್ತಿ.

ಮಗಳು ಬಾಗಿಲನ್ನು ಪೂರ್ತಿ ತೆರೆದು ಬಂದಳು. ಅವಳ ಹೆಗಲಲ್ಲಿ ಕೂಸು, ಕೆನ್ನೆಯೆಲ್ಲ ಕಣ್ಣೀರು, ಮೂಗೆಲ್ಲ ಸಿಂಬಳ, ಬಾಯಿ ಇನ್ನೂ ಅರ್ಧ ತೆರೆದೇ ಇತ್ತು. ಬೀಗಿತ್ತಿ ಕೂಸನ್ನು ನೋಡಿದರು, ಬಾಗಿಲನ್ನು ನೋಡಿದರು, ಒಂದು ಗಳಿಗೆ ವೈರ್‌ಮನ್‌ನನ್ನೂ ನೋಡಿದರು. ಆಮೇಲೆ ಸೆರಗಿನ ತುದಿಯಿಂದ ಕೂಸಿನ ಮೂಗು ಒರೆಸಿದರು.

"ಹಾಲು ಕುಡಿಸು, ಹೋಗು," ಎಂದರು ಸೊಸೆಗೆ, ತುಟಿ ಚೆನ್ನಾಗಿ ಕಾಣುವಂತೆ. "ನಿನ್ನ ಕೂಸು ನಿನ್ನ ಹತ್ರಾನೇ ಇರ್ಲಿ."

ಮಗಳು ಕೂಸನ್ನು ಅಪ್ಪಿಕೊಂಡು ಅಲ್ಲೇ ಗೋಡೆಗೆ ಒರಗಿದಳು. ಅವಳ ಹೆಗಲು ಸಡಿಲಾದದ್ದನ್ನು ನೋಡಿ ವೈರ್‌ಮನ್ ಕಟ್ಟಿದ ಕೈ ಬಿಚ್ಚಿದ, ಬೆರಳುಗಳು ಮರಗಟ್ಟಿದ್ದವು.

ಊಟವಾದ ಮೇಲೆ ಬಸ್ ನಿಲ್ದಾಣದವರೆಗೆ ಬೀಗಿತ್ತಿಯನ್ನು ಬಿಡಲು ಹೊರಟ. ಖಾಲಿ ಚೀಲವನ್ನು ಆಕೆ ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಬೀದಿಯ ತಿರುವು ಬಂತು.

"ನಂಗೆ ಕೇಳಿಸ್ತು ಬೀಗ್ರೇ," ಎಂದರು ಆಕೆ, ಎದುರಿಗೇ ನೋಡುತ್ತ. "ಅವಳು ಏನು ಮಾಡ್ತಾಳೋ ನೋಡೋಣ ಅಂತ ಸುಮ್ನೆ ಕೂತೆ."

"ನಂಗೊತ್ತು ಅಮ್ಮಾ. ನೀವು ಗಟ್ಟಿ ಜನ."

ಆಕೆ ತಲೆಯಾಡಿಸಿದರು. ಹಿಂದಿನಿಂದ ಸೈಕಲ್ಲೊಂದು ಗಂಟೆ ಹೊಡೆಯುತ್ತ ಬಂತು. ಆಕೆ ದಾರಿಯ ನಡುವೆಯೇ ನಿಧಾನವಾಗಿ ನಡೆಯುತ್ತಿದ್ದರು. ಗಂಟೆ ಮತ್ತೆ ಹೊಡೆಯಿತು, ಆಗಲೂ ಆಕೆಯ ಮುಖದ ಒಂದು ಗೆರೆಯೂ ಅಲುಗಲಿಲ್ಲ. ವೈರ್‌ಮನ್ ಏನೂ ಹೇಳದೆ ಆಕೆಯ ಬಲಗಡೆಗೆ ದಾಟಿ, ಸೈಕಲ್ಲಿಗೆ ದಾರಿ ಬಿಡುವಷ್ಟು ಆಕೆಯನ್ನು ಮೆಲ್ಲಗೆ ಗೋಡೆಯ ಕಡೆಗೆ ಸರಿಸಿಕೊಂಡ. ನಿಲ್ದಾಣ ಬರುವ ತನಕ ವಾಹನ ಓಡಾಡುವ ಬದಿಯಲ್ಲಿ ತಾನೇ ನಡೆದ.