ಮಾಯವಾಗದ ಗೆರೆ

ಕೋಲ್ಡ್ ರೂಮಿನಲ್ಲಿ ನಿಂತು ನಿಂತು ಅಕ್ಕನ ಬೆರಳ ತುದಿಗಳು ಬಿರುಕುಬಿಟ್ಟಿದ್ದವು. ಗ್ಲೌಸು ದಿನಕ್ಕೆ ಒಂದೇ ಜೊತೆ. ಸಾಹೇಬರ ಕೋಣೆಯಲ್ಲಿ ಮಾತ್ರ ಡಬ್ಬಿಗಟ್ಟಲೆ, ಫೋಟೋ ತೆಗೆಸಿಕೊಳ್ಳುವಾಗ ಹಾಕಿಕೊಳ್ಳಲು. ಲ್ಯಾಬಿನ ಗಾಜಿನ ಸಾಮಾನು ತೊಳೆಯುವ ನನಗೆ ಆ ಒಂದು ಜೊತೆಯೂ ಇಲ್ಲ, ಬಿಡಿ. ಅಕ್ಕ ಈ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಸಹಾಯಕಿ. ಹನ್ನೊಂದು ತಿಂಗಳಿಗೊಮ್ಮೆ ಸಾಹೇಬರು ಮನಸ್ಸು ಮಾಡಿದರೆ ಕೆಲಸ ಮುಂದುವರಿಯುತ್ತದೆ. ಗಂಡ ಹಾಸಿಗೆ ಹಿಡಿದ ಮೇಲೆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಸಾಹೇಬರದು ಮಹಾಶೋಧ. ಜೀವಕೋಶ ಒಡೆದು ಎರಡಾಗುವಂತೆ ಮಾಡುವ ಕೈನೇಸ್ ಎಂಬ ಒಂದು ಪ್ರೋಟೀನು, ಬೇರೆ ಯಾರಿಗೂ ಕಾಣದ್ದು, ಕ್ಯಾನ್ಸರ್ ಗೆಡ್ಡೆಯಲ್ಲಿ ಇವರಿಗೆ ಕಂಡಿತಂತೆ. ಗೆಡ್ಡೆಯ ಸಾರ ಹತ್ತಿಸಿದ ಪಟ್ಟಿಗೆ, ಆ ಕೈನೇಸನ್ನು ಹುಡುಕಿ ಹಿಡಿಯುವ ಆಂಟಿಬಾಡಿ ಹಾಕಿದರೆ ಕಪ್ಪು ಗೆರೆ ಮೂಡುತ್ತದೆ, ಅದೇ ಸಾಕ್ಷಿ. ಪ್ರಬಂಧ ಅಚ್ಚು ಮಾಡುವವರು ಬ್ಲಾಕಿಂಗ್ ಪೆಪ್ಟೈಡ್ ಹಾಕಿ ತೋರಿಸಿ ಎಂದರು. ಅದು ಆ ಕೈನೇಸಿನದೇ ಒಂದು ಚೂರು. ಮೊದಲೇ ಬೆರೆಸಿಟ್ಟರೆ ಆಂಟಿಬಾಡಿಯ ಬಾಯಿ ತುಂಬಿಹೋಗಿ, ಪಟ್ಟಿಯಲ್ಲಿರುವ ಕೈನೇಸನ್ನು ಹಿಡಿಯಲಾರದು. ಗೆರೆ ನಿಜವಾದರೆ ಮಾಯವಾಗಬೇಕು.

ಆಗಲಿಲ್ಲ. ಅಕ್ಕ ಮೂರು ಸಲ ಮಾಡಿದಳು. ಆಂಟಿಬಾಡಿ ಹಿಡಿದಿದ್ದು ಬೇರೆ ಯಾವುದನ್ನೋ.

ಸಾಹೇಬರು ಪಟ್ಟಿಯತ್ತ ಸರಿಯಾಗಿ ನೋಡಲೂ ಇಲ್ಲ. ಪೆಪ್ಟೈಡ್ ಹಾಕಲು ಮರೆತೆ ಎಂದು ನೋಟ್‌ಬುಕ್ಕಿನಲ್ಲಿ ಬರೆ, ಹೊಸದಾಗಿ ಮಾಡು ಎಂದರು. ಹೇಗೆ ಮಾಡಬೇಕೆಂದೂ ಹೇಳಿಕೊಟ್ಟರು.

"ಪೆಪ್ಟೈಡ್ ಹಾಕೋ ಪಟ್ಟಿಗೆ ಆಂಟಿಬಾಡಿನೇ ಹಾಕ್ಬೇಡ. ಗೆರೆ ಹೇಗೆ ಬರತ್ತೆ ನೋಡೋಣ. ಇಷ್ಟೂ ತಲೆ ಓಡಲ್ವಾ ನಿಂಗೆ?"

ಇದು ಇವರ ವಿಜ್ಞಾನ. ಇಂಥ ತಲೆಗೆ ಹೋದ ವರ್ಷ ಸಭೆ ಕರೆದು ಚಪ್ಪಾಳೆ ತಟ್ಟಿದ್ದರು. ಥೂ.

"ನಾನು ಮರೆತಿಲ್ಲ ಸಾರ್. ಹಾಕಿದೀನಿ ಅಂತ್ಲೇ ಬರೆದಿದೀನಿ," ಎಂದಳು ಅಕ್ಕ.

ಮುಂದಿನ ವಾರ ನಿನ್ನ ಕೆಲಸ ಮುಂದುವರಿಸುವ ಕಾಗದ ನನ್ನ ಮೇಜಿಗೆ ಬರುತ್ತದೆ, ನೆನಪಿರಲಿ ಎಂದರು ಸಾಹೇಬರು.

ಅಕ್ಕನ ಮುಖ ಬಿಳಿಚಿತು. ಗಂಡನ ಔಷಧಿ ಅವಳ ಕಣ್ಣಮುಂದೆ ಬಂದಿರಬೇಕು. ಆದರೆ ಅವಳು ದ್ರವ ಅಳೆದು ಹಾಕುವ ಪಿಪೆಟ್ಟನ್ನು ಅವರ ಮುಂದೆ ಇಟ್ಟಳು.

"ಹಂಗಾದ್ರೆ ನೀವೇ ಮಾಡಿ."

ಸಾಹೇಬರು ಉಳಿದಿಬ್ಬರು ಸಹಾಯಕರ ಕಡೆ ತಿರುಗಿದರು. ಒಬ್ಬ ಗ್ಲೌಸು ಕಳಚಿಟ್ಟ. ಇನ್ನೊಬ್ಬಳು, ನಾವೂ ಮಾಡಲ್ಲ ಸಾರ್, ಎಂದಳು. ನಾನು ನಲ್ಲಿ ನಿಲ್ಲಿಸಿ ಬಂದು ಅಕ್ಕನ ಪಕ್ಕ ನಿಂತೆ.

ಸಾಹೇಬರು ಪಿಪೆಟ್ ಎತ್ತಿಕೊಂಡರು. ಅದಕ್ಕೆ ಪ್ರತಿಸಲವೂ ಹೊಸ ತುದಿ ಸಿಕ್ಕಿಸಬೇಕೆಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ನನಗೂ ಗೊತ್ತಾಗಿತ್ತು. ಇವರು ತುದಿಯಿಲ್ಲದೆ, ಬರಿಯ ಪಿಪೆಟ್ಟನ್ನೇ ಇದ್ದ ಒಂದೇ ಆಂಟಿಬಾಡಿ ಶೀಶೆಯೊಳಗೆ ಅದ್ದಿದರು. ಶೀಶೆ ಪೂರ್ತಿ ಹಾಳು.

ನಾವು ಯಾರೂ ಬೇಡ ಎನ್ನಲಿಲ್ಲ. ಅಕ್ಕ ನೋಟ್‌ಬುಕ್ ಎಳೆದುಕೊಂಡು, ಅದನ್ನೂ ಬರೆದಳು.