ಬೇಲಿ ದಾಟುವ ಕ್ರಮ

ಟೆರ್ಷಿಯಸ್ ನನ್ನ ಮಗಳಿಗೆ ಗುರಿ ಹಿಡಿಯುವುದನ್ನು ಕಲಿಸಲು ಶುರುಮಾಡಿ ಮೂರು ವಾರವಾಗಿತ್ತು. ಅವನು ನನ್ನ ಗಂಡ ರೂಯಾನ್‌ನ ಅಣ್ಣ. ಮಾರಿಯೆಂಟಾಲ್ ಊರಿನ ಆಚೆ, ನಮ್ಮ ಕುರಿ ಫಾರ್ಮಿಗೆ ತಾಗಿದ್ದೇ ಅವನ ಫಾರ್ಮು.

ರೂಯಾನ್ ಸತ್ತು ಹನ್ನೊಂದು ತಿಂಗಳು. ಬೇಟೆಗೆ ಹೋದಾಗ ಗುಂಡು ತುಂಬಿದ ಬಂದೂಕು ಹಿಡಿದೇ ಬೇಲಿ ಹತ್ತಿದ, ಜಾರಿದ, ಗುಂಡು ಹಾರಿತು. ಪೊಲೀಸರಿಗೆ ಹಾಗೆಂದು ಹೇಳಿದವನು ಟೆರ್ಷಿಯಸ್. ಜೊತೆಗಿದ್ದವನು ಅವನೊಬ್ಬನೇ. ಅವರು ಕೊಟ್ಟ ಕಾಗದಕ್ಕೆ ನಾನು ಸಹಿ ಹಾಕಿದೆ. ಅಳು ಬರಲಿಲ್ಲ.

ಶನಿವಾರ ಅವನು ಹುತ್ತಕ್ಕೆ ಕಾಗದದ ತಟ್ಟೆ ಸಿಕ್ಕಿಸಿ ನನ್ನ ಮಗಳು ಲೀಂಕಿಯನ್ನು ಬೋರಲು ಮಲಗಿಸಿದ್ದ. ಅವಳಿಗೆ ಹತ್ತು ವರ್ಷ.

“ಅರ್ಧ ಉಸಿರು ಬಿಡು. ಮೀನಿನ ಥರ ಬಾಯಿ ತೆಗೀಬೇಡ.”

“ಮೊನ್ನೆ ನೀವೇ ತಟ್ಟೆ ಬಿಟ್ಟು ಹುತ್ತಕ್ಕೆ ಹೊಡ್ದ್ರಲ್ಲ, ದೊಡ್ಡಪ್ಪ!”

ಅವನು ನಕ್ಕ. ಜಗಲಿಯ ಮೇಲಿದ್ದ ನನ್ನತ್ತ ತಿರುಗಿದ. “ಮಾರ್ಲೀಜ್, ಕಾಫಿ ಕೊಡ್ತೀಯಾ, ಇಲ್ಲ ಕಾವಲು ಕಾಯ್ತಾನೇ ಇರ್ತೀಯಾ? ನಾಳೆ ಬೆಳಿಗ್ಗೆ ಇವಳ ಮೊದಲ ಜಿಂಕೆ. ನಾನೇ ಕರ್ಕೊಂಡು ಹೋಗ್ತೀನಿ.”

ನನ್ನನ್ನು ಅವನು ಕೇಳಿರಲಿಲ್ಲ.

ಕಾಫಿಗೆ ನೀರಿಟ್ಟಿದ್ದೆ. ಲೀಂಕಿ ಎರಡು ಪೊರಕೆಗಳನ್ನು ಬಂದೂಕಿನಂತೆ ಹಿಡಿದು ಓಡಿಬಂದು, ನನ್ನನ್ನು ಕುರಿದೊಡ್ಡಿಯ ತಂತಿಯವರೆಗೆ ಎಳೆದೊಯ್ದಳು.

“ಅಮ್ಮ, ನೀನು ದಾಟು. ಬರಿಗೈಲಿ. ಎರಡೂ ಬಂದೂಕು ನಾನು ಹಿಡ್ಕೋತೀನಿ. ಆಮೇಲೆ ನಿಂಗೆ ಕೊಟ್ಟು ನಾನು ದಾಟ್ತೀನಿ.”

“ಯಾರು ಹೇಳಿಕೊಟ್ಟಿದ್ದು?”

“ದೊಡ್ಡಪ್ಪ. ತಾತ ಕಲಿಸಿದ್ದಂತೆ. ಅಪ್ಪ, ದೊಡ್ಡಪ್ಪ ಇಬ್ರೂ ಒಂದ್ ಸಲಾನೂ ತಪ್ಪಿಸಿಲ್ವಂತೆ. ಯಾವಾಗ್ಲೂ ಅಪ್ಪನೇ ಮೊದಲು ದಾಟೋದಂತೆ.”

ನಾನು ತಂತಿ ಹಿಡಿದು ನಿಂತೆ. ರೂಯಾನ್ ಬರಿಗೈಲಿ ದಾಟಿದ್ದರೆ, ಎರಡೂ ಬಂದೂಕು ಇದ್ದದ್ದು ಟೆರ್ಷಿಯಸ್ ಕೈಯಲ್ಲಿ.

ಕಾಫಿ ಒಯ್ದಾಗ ಅವನು ಒಳಗಿನ ಮೇಜಿನ ಬಳಿ ಕೂತು ರೈಫಲ್ಲಿನ ನಳಿಗೆ ಒರೆಸುತ್ತಿದ್ದ.

“ಅವತ್ತೂ ರೂಯಾನೇ ಮೊದಲು ದಾಟಿದ್ನಾ?”

“ಹೂಂ.”

“ಬಂದೂಕು?”

ಬಟ್ಟೆ ಹಿಡಿದ ಕೈ ನಿಂತಿತು. “ಹೇಳಿದ್ನಲ್ಲ. ಕೈಲಿತ್ತು. ಆತುರದಲ್ಲಿದ್ದ.”

“ಹಾಗಾದ್ರೆ ಒಂದ್ ಸಲಾನೂ ತಪ್ಪಿಸಿಲ್ಲ ಅಂತ ಮಗೂಗೆ ಯಾಕೆ ಹೇಳ್ದೆ?”

“ಮಕ್ಕಳಿಗೆ ಹಾಗೇ ಹೇಳ್ಬೇಕು.” ಅವನು ಲೋಟ ತೆಗೆದುಕೊಳ್ಳಲಿಲ್ಲ. “ನೀನು ವಿಂಡ್‌ಹುಕ್ ಪಟ್ಟಣದಲ್ಲಿ ಪುಸ್ತಕ ಓದಿದವಳು. ಬೇಲಿ ವಿಷಯ ನಿಂಗೇನು ಗೊತ್ತು?”

ಅವನು ಹೇಳಿದ್ದು ನಿಜವಿರಲೂಬಹುದು. ಮಕ್ಕಳಿಗೆ ನಾವೆಲ್ಲ ಹಾಗೆ ಹೇಳುತ್ತೇವೆ. ಆದರೆ ಅವನು ನನ್ನ ಮುಖ ನೋಡಿರಲಿಲ್ಲ.

“ನಾಳೆ ಅವಳು ಬರಲ್ಲ.”

“ಅಳ್ತಾಳೆ.”

“ಅಳ್ಲಿ. ಆ ರೈಫಲ್ ಇಲ್ಲೇ ಬಿಟ್ಟು ಹೋಗು. ಅದು ರೂಯಾನ್‌ದು.”

ಅವನು ಅದನ್ನು ಮೇಜಿನ ಮೇಲಿಟ್ಟ. ಮೆಲ್ಲಗೆ ಇಟ್ಟು ಹೊರಗೆ ಹೋದ.

ಲೀಂಕಿ ಅತ್ತಳು. ಕೋಣೆಗೆ ಹೋಗಿ ಬಾಗಿಲು ಬಡಿದಳು. ಸ್ವಲ್ಪ ಹೊತ್ತಿಗೆ ಕೆಂಪು ಮೂಗಿನೊಂದಿಗೆ ಹೊರಬಂದಳು.

“ಇನ್ನು ನನ್ನ ಯಾರು ಕರ್ಕೊಂಡು ಹೋಗ್ತಾರೆ?”

“ನಾನು.”

“ನಿಂಗೆ ರೈಫಲ್ ಬೋಲ್ಟ್ ತೆಗೆಯೋಕೇ ಬರಲ್ಲ.”

“ತೋರ್ಸು.”

ಅವಳು ಮೇಜಿನ ಹತ್ತಿರ ಹೋದಳು. ನಾನು ಕಿಟಕಿಯ ಬಳಿಯೇ ನಿಂತಿದ್ದೆ. ಟೆರ್ಷಿಯಸ್‌ನ ಗಾಡಿ ಗೇಟಿನ ಬಳಿ ಇನ್ನೂ ನಿಂತಿತ್ತು. ಅವನು ಒಳಗೆ ಕೂತಿದ್ದ. ಇಂಜಿನ್ ಶುರುವಾಗುವವರೆಗೆ ನಾನು ಕದಲಲಿಲ್ಲ.